ಗೆರೆಯ ಹೊರಗೆ ಕೂತವಳು

"ಗುರುಗಳೇ, ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸು ಎಂದು ಶಾಲೆಯಲ್ಲಿ ನನಗೆ ಹೇಳಿದ್ದಾರೆ. ನಾಳೆ ಒಲೆಯ ಮುಂದೆ ಕೂರುವವರಿಗೆ ಈ ಆಟದಿಂದ ಏನು ಸಿಕ್ಕೀತು?" ಎಂದು ಶಿಷ್ಯ ಕೇಳಿದ. ಅವನು ಹೊಸದಾಗಿ ಮಾಸ್ತರನಾಗಿದ್ದ.

ಗುರುಗಳು ನಕ್ಕರು. "ನಮ್ಮೂರ ಓಣಿಗಳಲ್ಲಿ ಮಗ್ಗದ ಸದ್ದು ತುಂಬಿದ್ದ ಕಾಲದ ಮಾತಿದು. ನೆನೆದರೆ ಈಗಲೂ ಮನಸ್ಸಿಗೆ ಹಿತವಾಗುತ್ತದೆ, ಕೇಳು" ಎಂದರು.

ಒಬ್ಬ ನೇಕಾರನಿದ್ದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ನೀಲವ್ವ. ಚಿಕ್ಕವಳಿದ್ದಾಗ ಅವಳು ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತುತ್ತಾ ಹಾಡುತ್ತಿದ್ದಳು. ಆ ಹಾಡು ಕೇಳುತ್ತಾ ನೇಯ್ದರೆ ಅಪ್ಪನಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಎಂಥ ದಿನಗಳವು! ಆಮೇಲೆ ಅವಳಿಗೆ ಮದುವೆಯಾಯಿತು, ಗಂಡ ಬಿಟ್ಟ. ತವರಿಗೆ ಮರಳಿದವಳು ಒಳಕೋಣೆ ಹಿಡಿದಳು. ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದಳು. ಹಾಡು ನಿಂತೇಹೋಯಿತು. ಅಪ್ಪನಿಗೂ ಒಳಗೊಳಗೆ ನೋವಿತ್ತು. ಆದರೆ ಯಾರಾದರೂ ಕೇಳಿದರೆ, "ಆಕೀದು ಮುಗೀತು" ಎಂದುಬಿಡುತ್ತಿದ್ದ.

ಕಿರಿಯವಳು ಕಸ್ತೂರಿ. ಶಾಲೆಯ ಕಬಡ್ಡಿ ತಂಡ ಸೇರಿದ್ದಳು. ಒಂದು ಸಂಜೆ ಹೊತ್ತು ಮುಳುಗುತ್ತಾ ಬಂದರೂ ಅವಳ ಪತ್ತೆಯಿಲ್ಲ. ನೇಕಾರ ಸಿಡಿಮಿಡಿಗೊಳ್ಳುತ್ತಾ ಬಯಲಿಗೆ ಹೋದ. ಆಡುವ ವಯಸ್ಸಿನಲ್ಲೇ ಮಗ್ಗದ ಕುಣಿಗೆ ಇಳಿದು ನೇಯಲು ಕೂತವನು ಅವನು. ಯಾವ ಆಟದ ತಲೆಬುಡವೂ ಅವನಿಗೆ ಗೊತ್ತಿರಲಿಲ್ಲ.

ಅವನ ಕಣ್ಣೆದುರೇ ಎದುರು ತಂಡದವಳೊಬ್ಬಳು ಕಸ್ತೂರಿಯನ್ನು ಮುಟ್ಟಿ ಓಡಿದಳು. ಕಸ್ತೂರಿ ಔಟಾಗಿ ಗೆರೆಯ ಹೊರಗೆ ಬಂದು ಕೂತಳು.

"ನಿಂದು ಮುಗೀತಲ್ಲ, ಏಳು. ಮನೀಗೆ ನಡಿ" ಎಂದ ನೇಕಾರ.

"ಎಲ್ಲಿ ಮುಗೀತಪ್ಪಾ? ನಮ್ಮ ಹುಡುಗ್ಯಾರು ಆ ಕಡೀ ಒಬ್ಬಾಕೀನ್ನ ಔಟ್ ಮಾಡಿದ್ರ ನಾ ಮತ್ತ ಒಳಗ ಹೋಗ್ತೀನಿ."

"ನೀ ಏನೂ ಮಾಡದನ ಒಳಗ ಹೋಗ್ತೀಯೇನು?"

"ಹೊರಗ ಕುಂತಾಕಿಗೆ ಏನ್ ಮಾಡಾಕ ಬರತೈತಿ? ಒಳಗಿದ್ದವ್ರ ಆಕೀನ್ನ ಕರ್ಕೋಬೇಕು."

ಅಷ್ಟರಲ್ಲಿ ಕಸ್ತೂರಿಯ ತಂಡದ ಒಬ್ಬ ಸಣಕಲು ಹುಡುಗಿ ಉಸಿರು ಕಟ್ಟಿ ಎದುರು ಪಾಳಯಕ್ಕೆ ನುಗ್ಗಿದಳು. ಒಬ್ಬಳನ್ನು ಮುಟ್ಟಿದಳು. ಉಳಿದವರು ಅವಳ ಕಾಲು ಹಿಡಿದು ಕೆಡವಿದರು. ಅವಳು ಮಣ್ಣಿನಲ್ಲಿ ತೆವಳಿ, ಕೈ ಚಾಚಿ ನಡುಗೆರೆ ಮುಟ್ಟಿದಳು. ಕಸ್ತೂರಿ ಒಂದೇ ನೆಗೆತಕ್ಕೆ ಒಳಗೆ ಹೋದಳು. ಗೆಳತಿಯರು ಬೆನ್ನು ತಟ್ಟಿ ಕರೆದುಕೊಂಡರು. ಯಾಕೆ ಔಟಾದೆ ಎಂದು ಯಾರೂ ಅವಳನ್ನು ಕೇಳಲಿಲ್ಲ.

ನೇಕಾರ ಬೈಯಲು ಬಂದದ್ದನ್ನೇ ಮರೆತ. ಆಟ ಮುಗಿಯುವವರೆಗೂ ನಿಂತಿದ್ದ.

ಮನೆಗೆ ಬಂದವನು ನೇರ ಒಳಕೋಣೆಯ ಬಾಗಿಲಿಗೆ ಹೋದ. "ನೀಲವ್ವಾ, ಹೊರಗ ಬಾರವ್ವಾ. ಮಗ್ಗಕ್ಕ ಕೂಡು, ನೇಯೋದು ನಾ ಕಲಿಸ್ತೀನಿ" ಎಂದ.

ಆ ಮನೆಯಲ್ಲಿ ಹೆಣ್ಣುಮಕ್ಕಳು ಮಗ್ಗಕ್ಕೆ ಕೂತದ್ದೇ ಇರಲಿಲ್ಲ. ನೀಲವ್ವ ನಂಬಲಾರದೆ ಅಪ್ಪನ ಮುಖ ನೋಡಿದಳು. ಮೈತುಂಬ ಮಣ್ಣಾಗಿದ್ದ ಕಸ್ತೂರಿ ಅಕ್ಕನ ಕೈ ಹಿಡಿದು ಕರೆತಂದಳು. ನೀಲವ್ವ ಕುಣಿಗೆ ಇಳಿದು ಕೂತಾಗ ನೇಕಾರನ ಕಣ್ಣು ತುಂಬಿ ಬಂತು. ಹಾಡು ಮರಳಲು ಮಾತ್ರ ಒಂದು ಮಳೆಗಾಲವೇ ಹಿಡಿಯಿತಂತೆ. ಮುದುಕನಾದ ಮೇಲೂ ಅವನು ಕಟ್ಟೆಯ ಮೇಲೆ ಕೂತು ಆ ಸಂಜೆಯ ಮಾತನ್ನೇ ಆಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಆ ಪಂದ್ಯ ಯಾರು ಗೆದ್ದರು, ಗುರುಗಳೇ?" ಎಂದ ಶಿಷ್ಯ.

"ನಿನ್ನ ಮನೆಯಲ್ಲಿ ಗೆರೆಯ ಹೊರಗೆ ಕೂತವಳು ಯಾರಪ್ಪಾ?"