ಇನಾಮದಾರನ ಬಿಸಿಲ ಲೇಪ

ಎಲ್ಲಾರೂ ಕಾಲು ಮಡಚಿ ಕೂಡ್ರಿ, ಗದ್ದಲ ಬ್ಯಾಡ. ಒಂದು ಸಂಗತಿ ಹೇಳತೀನಿ.

ಒಂದೂರಾಗ ಒಬ್ಬ ಇನಾಮದಾರ ಇದ್ದ. ಲೋಳಸರ, ಮಂಜಿಷ್ಠ, ಸೌತೆಕಾಯಿ ರಸ ಕೂಡಿಸಿ ಲೇಪ ಮಾಡಿದ. "ಇದನ್ನ ಹಚ್ಚಿದರ ಎಂಥಾ ಬಿಸಿಲಿಗೂ ಮುಖ ಕಪ್ಪಾಗೂದಿಲ್ಲ" ಅಂತ ಊರೆಲ್ಲಾ ಸಾರಿದ. ಅದನ್ನ ಅರಮನೆಗೆ ಕಾಣಿಕಿ ಕಳಿಸೂ ಮೊದಲು ಪರೀಕ್ಷೆ ಆಗಬೇಕಲ್ಲ? ಮನೆಗೆಲಸದ ಸಾವಂತ್ರವ್ವನ್ನ ಕರೆಸಿದ.

"ನಾಳೆ ನಿನ್ನ ಮಗಳಿಗೆ ಇದನ್ನ ಹಚ್ಚಿ ಮಾಳಿಗಿ ಮ್ಯಾಲೆ ಕೂಡಿಸು. ಹೊತ್ತು ಮುಳುಗೂತನಕ ಏಳಬಾರದು. ಒಲ್ಲೆ ಅಂದರ ಗುಡಿಸಲು ಬಿಟ್ಟು ನಡಿ."

ಮಗಳು ಈರವ್ವ ಜ್ವರ ಬಿಟ್ಟು ಆಗಷ್ಟೇ ಎದ್ದಿದ್ದಳು. ವೈಶಾಖದ ಬಿಸಿಲಿಗೆ ಆ ಕೂಸು ಉಳಿಯೂ ಹಂಗಿರಲಿಲ್ಲ.

ಮರುದಿನ ಊರೇ ಮಾಳಿಗಿ ಮ್ಯಾಲೆ ನೆರೀತು. ಸಾವಂತ್ರವ್ವ ಮಗಳ ತಲಿಗೆ ಸೆರಗು ಹಿಡಿದು ಬಂದಳು.

"ಧಣ್ಯಾರ, ಇಕೀ ಮುಖ ನೋಡ್ರಿ. ಬಿಸಿಲಾಗ ಹೊಲದ ಕಳೆ ಕಿತ್ತು ಕಿತ್ತು ಆಗಲೇ ಕರ್ರಗಾಗೇತಿ. ಸಂಜಿಗೂ ಹಿಂಗ ಇದ್ದರ, ಲೇಪ ಏನು ಉಳಿಸಿತು ಅಂತ ಅರಮನೆಯವರು ಕೇಳೂದಿಲ್ಲೇನ್ರಿ? ಬಿಸಿಲು ಕಾಣದ ಗಲ್ಲ ಬೇಕು. ಊರಾಗ ಅಂಥಾದ್ದು ನಿಮ್ಮದೊಂದ ಐತಿ."

"ಖರೇ ಐತಿ" ಅಂದರು ಮಂದಿ.

ಇನಾಮದಾರ ಸೂರ್ಯನ್ನ ನೋಡಿದ. ಗಲ್ಲ ಮುಟ್ಟಿಕೊಂಡ. "ನಾನ ಕೂಡಬೇಕೇನು?"

"ನಿಮ್ಮದ ಲೇಪ, ನಿಮಗ ಅಂಜಿಕಿ ಯಾಕ್ರಿ?" ಅಂದಳು ಸಾವಂತ್ರವ್ವ.

ಮಂದಿ ಎದುರು ಮಾನಕ್ಕಂಜಿ ಇನಾಮದಾರ ಲೇಪ ಬಳಿದುಕೊಂಡು ಕೂತ. ಬೆವರಿಳೀತು, ಮೀಸಿಗೆ ನೊಣ ಮುತ್ತಿದವು. ಮಧ್ಯಾಹ್ನದ ರೊಟ್ಟಿ ಹೊತ್ತಿಗಿಂತ ಮೊದಲೇ "ಛತ್ರಿ! ಛತ್ರಿ ತರ್ರೋ!" ಅಂತ ಕೂಗುತ್ತಾ ಕೆಳಗೋಡಿದ.

ಉಳಿದ ಲೇಪ ಎತ್ತಿನ ಕೋಡಿಗೆ ಹಚ್ಚೂದಕ್ಕ ಹೋಯಿತು. ಈರವ್ವ ಮೈತುಂಬಿಕೊಂಡು ಬೆಳೆದಳು. ಸಾವಂತ್ರವ್ವ ಅದೇ ಗುಡಿಸಲಾಗ ತಣ್ಣಗ ಬಾಳಿದಳು. ಇನಾಮದಾರ ಮಾತ್ರ ಸಾಯೂತನಕ ಅಂಗಳ ದಾಟಲಿಕ್ಕೂ ಛತ್ರಿ ಹಿಡೀತಿದ್ದ.