ತುಂಬಿದ ಜೇನುಬಾನಿ

ಮಕ್ಕಳೇ, ಮತ್ತಿಮರಗಳ ಕಾಡಿನ ನಡುವೆ ಒಂದು ಕೆರೆಯಿತ್ತು. ಅದರ ದಡದಲ್ಲಿ ಒಂದು ಧರ್ಮಾಸ್ಪತ್ರೆಯಿತ್ತು. ಆಸ್ಪತ್ರೆ ಎಂದರೆ ಒಂದು ಕಲ್ಲುಬಾನಿ, ಅದರ ತುಂಬ ಜೇನು, ನೋಡಿಕೊಳ್ಳಲು ಸಾತಕ್ಕನೆಂಬ ನೀರುನಾಯಿ. ಉರುಳಿಗೆ ಸಿಕ್ಕ ಕಾಲು, ಮುಳ್ಳು ಗೀರಿದ ಮೈ, ಯಾವ ಗಾಯವಾದರೂ ಸಾತಕ್ಕ ಜೇನು ಸವರಿ ಎಲೆ ಕಟ್ಟುತ್ತಿದ್ದಳು. ಯಾರಿಂದಲೂ ಏನನ್ನೂ ಕೇಳುತ್ತಿರಲಿಲ್ಲ.

ಪ್ರತಿ ಬೇಸಿಗೆಯಲ್ಲೂ ಒಂದು ದಿನ ಪ್ರಾಣಿಗಳೆಲ್ಲ ಬಂದು ಬಾನಿಯನ್ನು ಇಣುಕಿ ನೋಡುವುದು ವಾಡಿಕೆ. ಎಷ್ಟು ತಗ್ಗಿದೆಯೋ ಅಷ್ಟು ಜೇನು ಹಿಂಡಿ ಹೋಗುತ್ತಿದ್ದವು.

ಒಂದು ವರ್ಷ ಕಾಡಂಚಿನಲ್ಲಿ ಉರುಳುಗಳು ಹೆಚ್ಚಾಗಿ ಬಾನಿ ಅರ್ಧಕ್ಕಿಳಿಯಿತು. ಮುಸುವ ಬೋರಣ್ಣ ಒಳಗೆ ಇಣುಕಿ, ಆಮೇಲೆ ಸಾತಕ್ಕನ ಮೀಸೆ ನೋಡಿದ. "ಈ ವರ್ಷ ಗಾಯಗಳಿಗೆ ಹಸಿವು ಜಾಸ್ತಿ ಅಂತ ಕಾಣುತ್ತೆ, ಅಲ್ವಾ ಅಕ್ಕಾ?"

ಎಲ್ಲರೂ ನಕ್ಕರು. ನಕ್ಕು, ಬಾನಿ ತುಂಬಿಸಿಯೇ ಹೋದರು. ತುಂಬಿಸಿದ್ದು ಸಾತಕ್ಕನಿಗೆ ಮರೆತುಹೋಯಿತು, ನಕ್ಕಿದ್ದು ಉಳಿಯಿತು.

ಮುಂದಿನ ಬೇಸಿಗೆಗೆ ಬಾನಿ ಮತ್ತೆ ತಗ್ಗಿತು. ಸಾತಕ್ಕ ಹಿಂದಿನ ದಿನವೇ ನೀರು ತಂದು ಅಂಚಿನವರೆಗೆ ಸುರಿದು ಕಲಕಿದಳು. ಕೆರೆ ಪಕ್ಕದಲ್ಲೇ ಇತ್ತು, ಕಷ್ಟವಾಗಲಿಲ್ಲ. ಇಣುಕಿದವರು ಬೆರಗಾದರು. ಇಷ್ಟು ಗಾಯಗಳಿಗೆ ಮದ್ದು ಹಾಕಿಯೂ ಹನಿ ಕಡಿಮೆಯಾಗಿಲ್ಲ, ಇಂಥ ಆಡಳಿತ ಇನ್ನೆಲ್ಲೂ ಇಲ್ಲ ಎಂದು ಹೊಗಳಿದರು.

ಕರಡಿ ಜಟ್ಟಪ್ಪ ದೊಡ್ಡದೊಂದು ಜೇನುಹುಟ್ಟು ಹೊತ್ತು ತಂದಿದ್ದ. "ಇದನ್ನೆಲ್ಲಿ ಹಿಂಡಲಿ ಅಕ್ಕಾ?"

"ಜಾಗ ಎಲ್ಲಿದೆ ಜಟ್ಟಪ್ಪಾ? ಮನೆಗೆ ಒಯ್ಯಿ, ಮಗು ತಿನ್ನಲಿ."

ಜಟ್ಟಪ್ಪ ಒಯ್ದ.

ಆಮೇಲಿನ ಬೇಸಿಗೆಗಳಲ್ಲಿ ಎಲ್ಲರೂ ಹೊಗಳಿಕೆಯನ್ನಷ್ಟೇ ತಂದರು. ನೋಡುವುದಕ್ಕೆ ಆಸ್ಪತ್ರೆಯ ಸ್ಥಿತಿ ಬಹಳ ಚೆನ್ನಾಗಿತ್ತು. ಗಾಯಗಳು ಮಾಯುವುದು ಮಾತ್ರ ವರ್ಷದಿಂದ ವರ್ಷಕ್ಕೆ ತಡವಾಗುತ್ತಿತ್ತು. ಅದಕ್ಕೆ ಸಾತಕ್ಕ ಹವೆಯನ್ನು ದೂರಿದಳು.

ಒಂದು ಮಳೆಗಾಲದಲ್ಲಿ ಜಟ್ಟಪ್ಪನ ಮರಿ ಉರುಳಿಗೆ ಸಿಕ್ಕಿತು. ಕಾಲು ಮೂಳೆ ಕಾಣುವಷ್ಟು ಹರಿದಿತ್ತು. ಸಾತಕ್ಕ ಬಾನಿಗೆ ಕೈ ಅದ್ದಿದಳು. ಬೆರಳಿಗೆ ಏನೂ ಅಂಟಲಿಲ್ಲ, ಹುಳಿ ವಾಸನೆ ಬಂತು. ಆದರೂ ಅದನ್ನೇ ಸವರಿ ಎಲೆ ಕಟ್ಟಿ, ಬೇಗ ವಾಸಿಯಾಗುತ್ತದೆ ಎಂದಳು. ಗಾಯ ಕೀವಾಯಿತು. ಜ್ವರ ಏರಿತು. ಮರಿ ಅಪ್ಪನ ಗುರುತನ್ನೂ ಹಿಡಿಯದಾದಾಗ ಸಾತಕ್ಕ ಬಾಯಿ ಬಿಟ್ಟಳು.

"ಜಟ್ಟಪ್ಪಾ, ಅದು ನೀರು."

ಜಟ್ಟಪ್ಪ ಮಳೆಯಲ್ಲೇ ಕಾಡೆಲ್ಲ ಅಲೆದ. ಮಳೆಗಾಲದಲ್ಲಿ ಯಾವ ಹುಟ್ಟಿನಲ್ಲೂ ಜೇನಿರಲಿಲ್ಲ. ಬರಿಗೈಯಲ್ಲಿ ಮರಳುವಷ್ಟರಲ್ಲಿ ಮರಿಯ ಉಸಿರು ನಿಂತು ಮೈ ತಣ್ಣಗಾಗಿತ್ತು.

"ಅವತ್ತು ನಾನು ಹೊತ್ತು ತಂದಿದ್ದೆ ಅಕ್ಕಾ," ಎಂದ ಜಟ್ಟಪ್ಪ. "ನೀನೇ ಜಾಗ ಇಲ್ಲ ಅಂದೆ."

ಮುಂದಿನ ಬೇಸಿಗೆಗೆ ಸಾತಕ್ಕ ಬಾನಿಯನ್ನು ತೊಳೆದು ಬರಿದಾಗಿಯೇ ಇಟ್ಟಳು. ಒಬ್ಬೊಬ್ಬರೇ ಇಣುಕಿದರು. ಬೋರಣ್ಣ ಕೂಡ ಹುಟ್ಟು ತರಲು ಹೊರಟ. ಸಂಜೆಯೊಳಗೆ ಬಾನಿ ತುಂಬಿತು. ಮೊದಲ ಹುಟ್ಟು ಜಟ್ಟಪ್ಪನದು. ಹಿಂಡಿದವನು ಸಾತಕ್ಕನ ಕಡೆ ನೋಡದೆ ನಡೆದುಹೋದ.

ನೀತಿ: ತಗ್ಗಿದ್ದನ್ನು ತೋರಿಸಿದರೆ ನಾಲ್ಕು ಜನ ನಗಬಹುದು, ತುಂಬಿಸುವವರೂ ಅವರೇ. ತುಂಬಿದೆ ಎಂದು ನಟಿಸಿದರೆ ಸಿಗುವುದು ಹೊಗಳಿಕೆ ಮಾತ್ರ. ಅದನ್ನು ಗಾಯಕ್ಕೆ ಸವರಲಾಗುವುದಿಲ್ಲ.