ಗಲ್ಬಿಯಸನ ಕಲ್ಲುತಲೆ

ಕೂತುಕೊಳ್ಳಿ ಮಕ್ಕಳೇ, ನಗು ಬಂದರೆ ತಡೀಬೇಡಿ.

ರೋಮನ್ನರ ಸೀಮೆಯಲ್ಲೊಂದು ಊರು. ಊರ ಚೌಕದಲ್ಲಿ ಎರಡಾಳೆತ್ತರದ ಅಮೃತಶಿಲೆಯ ಪ್ರತಿಮೆ. ಬೆಟ್ಟದಿಂದ ಊರಿಗೆ ನೀರು ತಂದ ಮುದುಕ ಅಟ್ಟಿಯಸ್‌ನದು. ಮೈ ಗ್ರೀಕರ ಶೈಲಿ: ದೇವರಂಥ ಎದೆ, ದೇವರಂಥ ತೋಳು. ಮುಖ ರೋಮನ್ನರ ಶೈಲಿ: ಇದ್ದದ್ದು ಇದ್ದ ಹಾಗೆ, ಸುಕ್ಕು ಸಮೇತ. ತಲೆಯನ್ನು ಬೇರೆಯಾಗಿ ಕಡೆದು ಕತ್ತಿನ ಗುಣಿಯಲ್ಲಿ ಕೂರಿಸುವುದು ಅಲ್ಲಿನ ಪದ್ಧತಿ.

ಆ ಊರಿಗೆ ಹೊಸ ಅಧಿಪತಿ ಬಂದ, ಗಲ್ಬಿಯಸ್. ಹೊಟ್ಟೆ ಗುಡಾಣ. ಕೆನ್ನೆಯ ಮೇಲೆ ಕಡಲೆಕಾಳಿನಷ್ಟು ನರುಲಿ. ಪ್ರತಿಮೆಯ ತೋಳು ನೋಡಿದ್ದೇ ಬಾಯಲ್ಲಿ ನೀರೂರಿತು. ಶಿಲ್ಪಿ ನಿಕಾನನನ್ನು ಕರೆಸಿದ.

"ಆ ಮುದುಕನ ತಲೆ ಕಿತ್ತು ಸುಟ್ಟು ಸುಣ್ಣ ಮಾಡು. ಆ ಮೈಗೆ ನನ್ನ ತಲೆ ಇಡು. ನೀರು ತಂದವನು ನಾನೇ ಅಂತಾಗಲಿ. ಆಗಲ್ವೋ, ಊರು ಬಿಡು!"

ಹುಟ್ಟಿದಾಗಿನಿಂದ ನಿಕಾನ ಕುಡಿದದ್ದು ಆ ಮುದುಕ ತಂದ ನೀರು!

"ಸುಡ್ತೀರಾ?" ಅಂದಳು ಹೆಂಡತಿ ಮಿರ್ಟೋ.

"ನನ್ನ ಕೈ ಬಿದ್ದು ಹೋಗಲಿ! ಉಪ್ಪುನೀರಲ್ಲಿಟ್ಟ ಆಲಿವ್ ಕಾಯಿಯ ದೊಡ್ಡ ಜಾಡಿ ಎಲ್ಲಿದೆ, ತಾರೇ."

ಅಟ್ಟಿಯಸ್‌ನ ತಲೆಯನ್ನು ಕಿತ್ತು ತಂದು ಜಾಡಿಯೊಳಗೆ ಇಳಿಸಿದ. ಆಮೇಲೆ ಹೊಸ ಕಲ್ಲು ತಂದು, ಕುಂಬಳಕಾಯಿಯಷ್ಟು ದೊಡ್ಡದಾಗಿ, ಗಲ್ಬಿಯಸನನ್ನು ಇದ್ದ ಹಾಗೇ ಕಡೆದ.

ಗಲ್ಬಿಯಸ್ ಬಂದ. "ಅಯ್ಯೋ, ನರುಲಿ! ತೆಗಿ!"

"ಕಲ್ಲು ಕಡಿಯಬಹುದು ಒಡೆಯಾ, ಬೆಳೆಸೋಕಾಗಲ್ಲ."

"ಕಡಿ ಅಂದ್ರೆ ಕಡಿ!"

ನರುಲಿ ಹೋಯಿತು. ಅದರ ಜೊತೆ ಕೆನ್ನೆ ಇಳಿಯಿತು. ಸರಿದೂಗಿಸಲು ಇನ್ನೊಂದು ಕೆನ್ನೆಯೂ ಇಳಿಯಿತು. ತಲೆ ತೆಂಗಿನಕಾಯಾಯಿತು.

ಗಲ್ಬಿಯಸ್ ಮತ್ತೆ ಬಂದ. "ಮೂಗು ಸೌತೆಕಾಯಿ ಥರ ಇದೆ!"

"ಕಲ್ಲು ಬೆಳೆಯಲ್ಲ ಒಡೆಯಾ."

"ಕಡಿ!"

ಮೂಗು ಇಳಿಯಿತು, ಹಣೆ ಇಳಿಯಿತು. ತಲೆ ಕಿತ್ತಳೆಯಾಯಿತು.

ಮೂರನೆಯ ಸಲ ಬಂದ. "ಸುಕ್ಕು!"

"ಬೆಳೆಯಲ್ಲ, ಒಡೆಯಾ..."

"ಕಡಿಯೋ!"

ತಲೆ ನಿಂಬೆಹಣ್ಣಾಯಿತು. ಗಲ್ಬಿಯಸ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಮುತ್ತಿಟ್ಟ. "ಆಹಾ, ಎಂಥಾ ಚೆಲುವ!" ಮೈಯ ಪಕ್ಕ ಇಟ್ಟು ನೋಡಬೇಕೆಂದು ಅವನಿಗೆ ಒಮ್ಮೆಯೂ ಹೊಳೆಯಲಿಲ್ಲ.

ಹಬ್ಬದ ದಿನ ಊರೆಲ್ಲ ಚೌಕದಲ್ಲಿ ನೆರೆಯಿತು. ಕಹಳೆ ಊದಿದರು. ಗಲ್ಬಿಯಸ್ ತಾನೇ ಪರದೆ ಎಳೆದ.

ಅಗಲ ಎದೆ. ಉಕ್ಕಿನಂಥ ತೋಳು. ಕತ್ತಿನ ಗುಣಿಯೊಳಗೆ ಮೂಗಿನವರೆಗೂ ಮುಳುಗಿದ ಪುಟಾಣಿ ತಲೆ, ಬಾವಿಯಿಂದ ಕಪ್ಪೆ ಇಣುಕಿದ ಹಾಗೆ! ಒಂದು ಗುಬ್ಬಚ್ಚಿ ಬಂದು ಅದರ ಮೇಲೆ ಕೂತಿತು. ಗುಬ್ಬಚ್ಚಿಯ ಕೆಳಗೆ ಕಲ್ಲಿನ ಅಧಿಪತಿಗಳೇ ಕಾಣಿಸಲಿಲ್ಲ.

ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಹಳೆಯವನು ನಗುತ್ತಲೇ ಊದಿದ, ಅದು ಕತ್ತೆಯ ಹಾಗೆ ಅರಚಿತು.

"ದೊಡ್ಡದು ಮಾಡೋ!" ಗಲ್ಬಿಯಸ್ ಕಿರುಚಿದ.

"ಬೆಳೆಯಲ್ಲ ಅಂತ ಮೂರು ಸಲ ಹೇಳಿದೆನಲ್ಲ ಒಡೆಯಾ. ಇದನ್ನೇ ಬಿಡಲೋ, ಇಳಿಸಲೋ?"

"ಇಳಿಸು! ಆ ಮುದುಕನದ್ದೇ ಇಡು!"

"ಸುಟ್ಟು ಸುಣ್ಣ ಮಾಡು ಅಂದಿದ್ದಿರಿ?"

"ಸುಟ್ಟಿದ್ದರೆ ನಿನ್ನನ್ನೇ ಸುಟ್ಟೇನು!"

"ಸುಟ್ಟಿಲ್ಲ ಒಡೆಯಾ. ಉಪ್ಪಿನಕಾಯಿ ಹಾಕಿಟ್ಟಿದ್ದೇನೆ."

ಜಾಡಿ ಬಂತು. ಅಟ್ಟಿಯಸ್‌ನ ತಲೆ ಟಕ್ಕೆಂದು ಗುಣಿಯಲ್ಲಿ ಕೂತಿತು, ಕಿವಿಯಲ್ಲೊಂದು ಆಲಿವ್ ಕಾಯಿ ಸಮೇತ. ಗಲ್ಬಿಯಸ್ ನಗು ಕೇಳಿಸದ ಊರು ಹುಡುಕಿಕೊಂಡು ಓಡಿದ. ಅವನ ಕಲ್ಲುತಲೆಯಿಂದ ಮಿರ್ಟೋ ಬೆಳ್ಳುಳ್ಳಿ ಜಜ್ಜಿದಳು.

ನೆನಪಿರಲಿ ಮಕ್ಕಳೇ: ಇನ್ನೊಬ್ಬರ ದುಡಿಮೆಯ ಮೈಗೆ ನಮ್ಮ ತಲೆ ಕೂರಿಸಬಾರದು. ತಲೆಯೂ ನಿಲ್ಲದು, ಮಾನವೂ ನಿಲ್ಲದು.